ಮೇಣದ ಬತ್ತಿ ಕೊಂಡರೆ ಸಾಲದು

ಪ್ರತಿ ವರ್ಷ ಕ್ರಿಸ್ಮಸ್ ಸಮೀಪಿಸುತ್ತಿದ್ದಂತೆ ನಮ್ಮ ಕರಾವಳಿಯ ಅನೇಕ ಇಗರ್ಜಿಗಳ ಅಂಗಳದಲ್ಲಿ ಒಂದು ಪರಿಚಿತ ದೃಶ್ಯ ಕಾಣಸಿಗುತ್ತದೆ. ಭಾನುವಾರದ ಬಲಿಪೂಜೆ ಮುಗಿಸಿ ಹೊರಬರುವಾಗ ಬಾಗಿಲ ಬಳಿ ಒಂದು ಮೇಜು. ಅದರ ಮೇಲೆ ಬಣ್ಣದ ಮೇಣದ ಬತ್ತಿಗಳು, ಶುಭಾಶಯ ಪತ್ರಗಳು, ಕಾಗದದ ನಕ್ಷತ್ರಗಳು, ಬಟ್ಟೆಯ ಚೀಲಗಳು. ವಿಶೇಷ ಶಾಲೆಯ ಮಕ್ಕಳು ತಯಾರಿಸಿದ ವಸ್ತುಗಳಿವು ಎಂದು ಸಾರುವ ಒಂದು ಫಲಕ. ನಾವು ಎರಡು ಮೇಣದ ಬತ್ತಿ ಕೊಳ್ಳುತ್ತೇವೆ. ಚಿಲ್ಲರೆ ಹಿಂದೆ ಕೇಳುವುದಿಲ್ಲ. ಮೇಜಿನ ಹಿಂದೆ ನಿಂತ ಮಗುವಿನ ತಲೆ ನೇವರಿಸಿ, ಒಂದು ಸತ್ಕಾರ್ಯ ಮಾಡಿದ ತೃಪ್ತಿಯೊಂದಿಗೆ ಮನೆಗೆ ಹೋಗುತ್ತೇವೆ.

ಇದು ತಪ್ಪೆಂದು ನಾವು ಹೇಳುವುದಿಲ್ಲ. ಆ ಮೇಜಿನ ಹಿಂದೆ ಅನೇಕ ಧರ್ಮಭಗಿನಿಯರ, ಶಿಕ್ಷಕಿಯರ ವರ್ಷಗಳ ತಾಳ್ಮೆಯಿದೆ. ಆದರೆ ನಮ್ಮಲ್ಲಿ ಎಷ್ಟು ಮಂದಿ ಮುಂದಿನ ಪ್ರಶ್ನೆಯನ್ನು ಕೇಳಿಕೊಂಡಿದ್ದೇವೆ? ಹತ್ತು ವರ್ಷಗಳ ಹಿಂದೆ ಅದೇ ಮೇಜಿನ ಹಿಂದೆ ನಿಂತಿದ್ದ ಬಾಲಕ ಈಗ ಎಲ್ಲಿದ್ದಾನೆ? ಅವನಿಗೀಗ ಇಪ್ಪತ್ತೈದು ದಾಟಿರಬೇಕು. ಅವನು ಏನು ಮಾಡುತ್ತಿದ್ದಾನೆ? ಅವನ ಹೆಸರಿನಲ್ಲಿ ಒಂದು ತಿಂಗಳ ಸಂಬಳವಾದರೂ ಯಾವುದಾದರೂ ಪುಸ್ತಕದಲ್ಲಿ ಬರೆಯಲ್ಪಟ್ಟಿದೆಯೇ?

ನಮ್ಮ ಪರಿಚಯದ ಒಂದು ಕುಟುಂಬದ ವಿಚಾರವನ್ನು ಇಲ್ಲಿ ಹೇಳಬೇಕೆನಿಸುತ್ತದೆ. ಉಡುಪಿ ಜಿಲ್ಲೆಯಲ್ಲಿ ಶಂಕರಪುರ ಮಲ್ಲಿಗೆ ಬೆಳೆಯುವ ಅನೇಕ ಮನೆಗಳಲ್ಲಿ ಅದೂ ಒಂದು. ಮನೆಯ ಯಜಮಾನರು ತೀರಿಕೊಂಡಿದ್ದಾರೆ. ತಾಯಿ, ಹಾಗೂ ಡೌನ್ ಸಿಂಡ್ರೋಮ್ ಇರುವ ಇಪ್ಪತ್ತೆಂಟರ ಮಗ. ಹಿರಿಯ ಮಗಳು ಮದುವೆಯಾಗಿ ಕೊಲ್ಲಿ ರಾಷ್ಟ್ರದಲ್ಲಿದ್ದಾಳೆ. ಮಗ ವಿಶೇಷ ಶಾಲೆಗೆ ಹೋಗಿದ್ದ. ವಯಸ್ಸಾಯಿತೆಂದು ಶಾಲೆ ಬಿಡಬೇಕಾಯಿತು. ಅಂದಿನಿಂದ ಅವನು ಪ್ರತಿದಿನ ಬೆಳಿಗ್ಗೆ ಪೂಜೆಗೆ ಅರ್ಧ ಗಂಟೆ ಮೊದಲೇ ಇಗರ್ಜಿಗೆ ಬರುತ್ತಾನೆ. ಬೆಂಚುಗಳನ್ನು ಸರಿಪಡಿಸುತ್ತಾನೆ, ಗೀತೆಗಳ ಪುಸ್ತಕಗಳನ್ನು ಜೋಡಿಸಿಡುತ್ತಾನೆ, ಪೂಜೆಯ ನಂತರ ಫ್ಯಾನು ದೀಪಗಳನ್ನು ಆರಿಸುತ್ತಾನೆ. ಮಳೆಯಿರಲಿ, ಚಳಿಯಿರಲಿ, ತಪ್ಪಿಸಿದ್ದಿಲ್ಲ. ಎಲ್ಲರಿಗೂ ಅವನ ಮೇಲೆ ಪ್ರೀತಿ. ಕೆಲಸ ಮುಗಿದ ಮೇಲೆ ಅವನಿಗೆ ಚಹಾ ಸಿಗುತ್ತದೆ, ಬೆನ್ನು ತಟ್ಟುವವರೂ ಇದ್ದಾರೆ. ಸಂಬಳ ಮಾತ್ರ ಇಲ್ಲ. ಅದು ಕೊಡಬೇಕಾದದ್ದೆಂಬ ಆಲೋಚನೆಯೂ ಯಾರಿಗೂ ಬಂದಿರಲಿಲ್ಲ. ನಮಗೂ ಬಂದಿರಲಿಲ್ಲವೆಂದು ಒಪ್ಪಿಕೊಳ್ಳಬೇಕು.

ಒಂದು ದಿನ ಆ ತಾಯಿ ನಮ್ಮೊಡನೆ ಮಾತನಾಡುತ್ತಾ ಹೇಳಿದರು: "ನಾನು ಹೋದ ಮೇಲೆ ಅವನ ಊಟದ ಬಗ್ಗೆ ನನಗೆ ಅಷ್ಟೇನೂ ಚಿಂತೆಯಿಲ್ಲ. ಮಗಳು ನೋಡಿಕೊಂಡಾಳು, ಇಲ್ಲವಾದರೆ ಯಾವುದಾದರೂ ಆಶ್ರಮದಲ್ಲಿ ಜಾಗ ಸಿಕ್ಕೀತು. ಆದರೆ ಬೆಳಿಗ್ಗೆ ಎದ್ದು ಅವನು ಎಲ್ಲಿಗೆ ಹೋಗಬೇಕು? ಅವನು ಬರಲಿಲ್ಲವೆಂದು ಕಾಯುವವರು ಯಾರಿದ್ದಾರೆ?"

ಈ ಎರಡು ಪ್ರಶ್ನೆಗಳಿಗೆ ನಮ್ಮ ಬಳಿ ಉತ್ತರವಿರಲಿಲ್ಲ. ವಿಕಲತೆಯುಳ್ಳ ಮಕ್ಕಳ ತಂದೆತಾಯಿಗಳು 'ನಮ್ಮ ನಂತರ ಯಾರು' ಎಂದು ಕೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಅದಕ್ಕೆ ನಾವು ಸಾಮಾನ್ಯವಾಗಿ ಕೊಡುವ ಉತ್ತರ ಆಶ್ರಮ, ಅನ್ನ, ಔಷಧ. ಆದರೆ ಆ ತಾಯಿ ಕೇಳಿದ್ದು ಆಶ್ರಯವನ್ನಲ್ಲ. ತನ್ನ ಮಗ ಯಾರಿಗಾದರೂ ಬೇಕಾದವನಾಗಿರಲಿ ಎಂಬುದನ್ನು. ನಮ್ಮ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಉದ್ಯೋಗ ಕೊಡುವುದು ಹಣವನ್ನಷ್ಟೇ ಅಲ್ಲವಲ್ಲ. ಹೋಗಲೊಂದು ಸ್ಥಳ, ಸಹೋದ್ಯೋಗಿಗಳು, ಮನೆಗೆ ಬಂದು ಹೇಳಲು ನಾಲ್ಕು ಮಾತು, ಹಬ್ಬಕ್ಕೆ ತಾಯಿಗೆ ಸೀರೆ ತರುವ ಹೆಮ್ಮೆ, ಇವೆಲ್ಲವೂ ಉದ್ಯೋಗದಿಂದಲೇ ಬರುವುದು. ಇವು ಬೌದ್ಧಿಕ ವಿಕಲತೆಯುಳ್ಳ ವ್ಯಕ್ತಿಗೆ ಬೇಡವೆಂದು ನಿರ್ಣಯಿಸಿದವರು ಯಾರು?

ಅಂಕಿಸಂಖ್ಯೆಗಳನ್ನು ನೋಡೋಣ. 2011ರ ಜನಗಣತಿಯಂತೆ ಭಾರತದಲ್ಲಿ ವಿಕಲಚೇತನರ ಸಂಖ್ಯೆ 2.68 ಕೋಟಿ. ಅವರಲ್ಲಿ, ಅಂದು 'ಬುದ್ಧಿಮಾಂದ್ಯ' ಎಂಬ ಹೆಸರಿನಡಿ ಎಣಿಸಲ್ಪಟ್ಟವರು ಸುಮಾರು 15 ಲಕ್ಷ. ಎಲ್ಲ ವಿಧದ ವಿಕಲಚೇತನರನ್ನು ಒಟ್ಟಾಗಿ ತೆಗೆದುಕೊಂಡರೂ ಅವರಲ್ಲಿ ದುಡಿಯುವವರೆಂದು ದಾಖಲಾದವರು ಶೇಕಡಾ 36 ಮಾತ್ರ. ಬೌದ್ಧಿಕ ವಿಕಲತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವವರು ಈ ಸರದಿಯಲ್ಲೂ ಹಿಂದೆಯೇ ನಿಂತವರು. ಕುರುಡರಿಗೆ, ಕಿವುಡರಿಗೆ, ಕಾಲಿಲ್ಲದವರಿಗೆ ಕೆಲಸ ಕೊಡಬಹುದೆಂಬುದನ್ನು ಸಮಾಜ ನಿಧಾನವಾಗಿಯಾದರೂ ಒಪ್ಪಿಕೊಂಡಿದೆ. ನಿಧಾನವಾಗಿ ಕಲಿಯುವವರಿಗೆ ಕೆಲಸ ಕೊಡಬಹುದೆಂಬುದನ್ನು ಇನ್ನೂ ಮನಸಾರೆ ಒಪ್ಪಿಕೊಂಡಿಲ್ಲ.

ಕಾನೂನೂ ಬಹಳ ಕಾಲ ಹೀಗೆಯೇ ಇತ್ತು. 1995ರ ವಿಕಲಚೇತನರ ಕಾಯ್ದೆಯು ಬುದ್ಧಿಮಾಂದ್ಯತೆಯನ್ನು ವಿಕಲತೆಯೆಂದು ಗುರುತಿಸಿತಾದರೂ, ಸರಕಾರಿ ಉದ್ಯೋಗದಲ್ಲಿ ಮೀಸಲಿಟ್ಟ ಶೇಕಡಾ 3ರಲ್ಲಿ ಅವರಿಗೆ ಪಾಲು ಕೊಡಲಿಲ್ಲ. 1999ರಲ್ಲಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ ಹಾಗೂ ಬಹುವಿಕಲತೆಯುಳ್ಳವರಿಗಾಗಿಯೇ ರಾಷ್ಟ್ರೀಯ ನ್ಯಾಸ ಕಾಯ್ದೆ ಬಂತು. ವಿಕಲಚೇತನರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 2007ರಲ್ಲಿ ಅನುಮೋದಿಸಿತು. ಅದರ 27ನೆಯ ವಿಧಿ ದುಡಿಮೆಯ ಹಕ್ಕನ್ನು ಕುರಿತದ್ದು. ಬಳಿಕ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು 21 ವಿಧದ ವಿಕಲತೆಗಳನ್ನು ಗುರುತಿಸಿ, ಸರಕಾರಿ ಹುದ್ದೆಗಳಲ್ಲಿ ಮೀಸಲಾತಿಯನ್ನು ಶೇಕಡಾ 4ಕ್ಕೆ ಏರಿಸಿತು. ಅದರಲ್ಲಿ ಶೇಕಡಾ 1 ಭಾಗವನ್ನು ಆಟಿಸಂ, ಬೌದ್ಧಿಕ ವಿಕಲತೆ, ಕಲಿಕೆಯ ನ್ಯೂನತೆ, ಮಾನಸಿಕ ಕಾಯಿಲೆ ಮತ್ತು ಬಹುವಿಕಲತೆಯುಳ್ಳವರೆಲ್ಲರೂ ಸೇರಿ ಹಂಚಿಕೊಳ್ಳಬೇಕು. ಬಾಗಿಲು ತೆರೆದಿದೆ, ನಿಜ. ಆದರೆ ಬಾಗಿಲಲ್ಲಿ ಲಿಖಿತ ಪರೀಕ್ಷೆ ಕಾದು ಕುಳಿತಿದ್ದರೆ ನಮ್ಮ ಮಲ್ಲಿಗೆ ತೋಟದ ಯುವಕನು ಒಳಗೆ ಹೋಗುವುದೆಂತು?

ಅದೇ ಕಾಯ್ದೆಯು ಆರರಿಂದ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಡುತ್ತದೆ. ಹದಿನೆಂಟರ ತನಕ ಶಾಲೆಯಿದೆ, ಶಿಕ್ಷಕರಿದ್ದಾರೆ, ವಾರ್ಷಿಕೋತ್ಸವವಿದೆ. ಅದರ ಮರುದಿನ ಮನೆಯ ಜಗಲಿ ಮಾತ್ರ. ಕಲಿತದ್ದೆಲ್ಲ ಆ ಜಗಲಿಯಲ್ಲಿ ಕುಳಿತಲ್ಲಿಯೇ ಮರೆತುಹೋಗುತ್ತದೆ. ಸರಕಾರ ಇದಕ್ಕೆ ಪರಿಹಾರ ಕಾಣಲೆಂದು ನಾವು ಒತ್ತಾಯಿಸಬೇಕು. ಆದರೆ ಸರಕಾರಿ ಹುದ್ದೆಗಾಗಿ ಕಾದು ಕುಳಿತರೆ ಒಂದು ಪೀಳಿಗೆಯೇ ಜಗಲಿಯಲ್ಲಿ ಮುದಿಯಾದೀತು. ಕೆಲಸವಿರುವುದು ನಮ್ಮ ಊರಿನ ಅಂಗಡಿ, ಬೇಕರಿ, ಮುದ್ರಣಾಲಯ, ಆಸ್ಪತ್ರೆ, ಶಾಲೆಗಳಲ್ಲಿ. ಅವುಗಳಲ್ಲಿ ಹಲವಕ್ಕೆ ನಾವೇ ಒಡೆಯರು.

"ಅವರಿಂದ ಏನಾದೀತು?" ಎಂಬ ಪ್ರಶ್ನೆ ಈಗ ಏಳುತ್ತದೆ. ಇದಕ್ಕೆ ಉತ್ತರ ತರ್ಕದಿಂದಲ್ಲ, ಅನುಭವದಿಂದ ಸಿಕ್ಕಿದೆ. 1970ರ ದಶಕದಲ್ಲಿ ಅಮೆರಿಕದ ಮಾರ್ಕ್ ಗೋಲ್ಡ್ ಎಂಬ ಶಿಕ್ಷಣ ತಜ್ಞರು, ಏನನ್ನೂ ಕಲಿಯಲಾರರೆಂದು ಬದಿಗಿರಿಸಲ್ಪಟ್ಟವರಿಗೆ ಸೈಕಲ್ಲಿನ ಬ್ರೇಕಿನ ಬಿಡಿಭಾಗಗಳನ್ನು ಜೋಡಿಸಲು ಕಲಿಸಿ ತೋರಿಸಿದರು. ಅವರ ವಿಧಾನ ಸರಳ. ಒಂದು ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಬಿಡಿಸಬೇಕು. ಒಂದೊಂದು ಹೆಜ್ಜೆಯನ್ನೂ ಕೈಹಿಡಿದು ಕಲಿಸಬೇಕು. ಕಲಿಯದಿದ್ದರೆ ಕಲಿಯುವವನನ್ನು ದೂರದೆ ಕಲಿಸುವ ರೀತಿಯನ್ನು ಬದಲಿಸಬೇಕು.

ಹಿಂದೆ ಮೊದಲು ತರಬೇತಿ, ಆಮೇಲೆ ಕೆಲಸ ಎಂಬ ಕ್ರಮವಿತ್ತು. ಇದರಲ್ಲಿ ಅನೇಕರು ಜೀವನವಿಡೀ ತರಬೇತಿಯಲ್ಲೇ ಉಳಿದುಬಿಟ್ಟರು. ತರಬೇತಿ ಕೊಠಡಿಯಲ್ಲಿ ಕಲಿತ ಪಾತ್ರೆ ತೊಳೆಯುವ ಕೆಲಸವನ್ನು ಹೋಟೆಲಿನ ಗದ್ದಲದ ಅಡುಗೆಮನೆಯಲ್ಲಿ ಮಾಡಲು ಅವರಿಗೆ ಕಷ್ಟವಾಗುತ್ತಿತ್ತು, ಏಕೆಂದರೆ ಒಂದೆಡೆ ಕಲಿತದ್ದನ್ನು ಇನ್ನೊಂದೆಡೆಗೆ ಒಯ್ಯುವುದೇ ಅವರಿಗೆ ಎಲ್ಲಕ್ಕಿಂತ ಕಠಿಣ. ಆದುದರಿಂದ 1980ರ ದಶಕದಿಂದ ಈ ಕ್ರಮವನ್ನು ತಿರುಗಿಸಲಾಯಿತು. ಮೊದಲು ನಿಜವಾದ ಕೆಲಸದ ಸ್ಥಳಕ್ಕೆ ಸೇರಿಸುವುದು. ಅಲ್ಲಿಯೇ ಒಬ್ಬ ಮಾರ್ಗದರ್ಶಕ ಜೊತೆಗಿದ್ದು ಕಲಿಸುವುದು. ಕೈ ಕುದುರಿದಂತೆ ಅವನು ಮೆಲ್ಲನೆ ಹಿಂದೆ ಸರಿಯುವುದು. ಮಾರ್ಗದರ್ಶಕನು ಕಲಿಸುವುದು ವಿಕಲತೆಯುಳ್ಳ ವ್ಯಕ್ತಿಗೆ ಮಾತ್ರವಲ್ಲ, ಅವನ ಸಹೋದ್ಯೋಗಿಗಳಿಗೂ ಹೌದು. ಒಂದು ಬಾರಿಗೆ ಒಂದೇ ಆದೇಶ ಕೊಡುವುದು, ಮಾಡಿ ತೋರಿಸುವುದು, ಗೋಡೆಯ ಮೇಲೆ ಚಿತ್ರಗಳ ಪಟ್ಟಿಯನ್ನು ಅಂಟಿಸುವುದು, ಇಂತಹ ಸಣ್ಣ ಏರ್ಪಾಡುಗಳಿಗೆ ಹೆಚ್ಚು ಹಣ ಬೇಕಾಗಿಲ್ಲ.

ಇದು ಪರದೇಶದ ಮಾತೆಂದು ತಳ್ಳಿಹಾಕುವಂತಿಲ್ಲ. 2017ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಆರಂಭವಾದ ಮಿಟ್ಟಿ ಕೆಫೆಯಲ್ಲಿ ಅಡುಗೆ ಮಾಡುವವರೂ ಬಡಿಸುವವರೂ ಬಹುತೇಕ ಬೌದ್ಧಿಕ, ದೈಹಿಕ ಅಥವಾ ಮಾನಸಿಕ ವಿಕಲತೆಯುಳ್ಳವರು. ಅದು ಮುಂದೆ ಅನೇಕ ಕಡೆ ಶಾಖೆಗಳನ್ನು ತೆರೆದು, 2023ರ ನವೆಂಬರಿನಲ್ಲಿ ದೆಹಲಿಯ ಸರ್ವೋಚ್ಚ ನ್ಯಾಯಾಲಯದ ಆವರಣಕ್ಕೂ ತಲುಪಿತು. ಲೆಮನ್ ಟ್ರೀ ಹೋಟೆಲುಗಳಲ್ಲಿ ಡೌನ್ ಸಿಂಡ್ರೋಮ್ ಇರುವ ಯುವಜನರು ಊಟದ ಮೇಜುಗಳ ಬಳಿ ದುಡಿಯುತ್ತಾರೆ. ಬೆಂಗಳೂರಿನಲ್ಲಿ 1999ರಲ್ಲಿ ಸ್ಥಾಪನೆಯಾದ ಎನೇಬಲ್ ಇಂಡಿಯಾ ಸಂಸ್ಥೆಯು ವಿಕಲಚೇತನರನ್ನೂ ಉದ್ಯೋಗದಾತರನ್ನೂ ಒಂದೆಡೆ ತರುವ ಕಾರ್ಯದಲ್ಲಿ ತೊಡಗಿದೆ. ಇವರಾರೂ ಕನಿಕರವನ್ನು ಮಾರುತ್ತಿಲ್ಲ. ಚಹಾ ಚೆನ್ನಾಗಿಲ್ಲದಿದ್ದರೆ ಗಿರಾಕಿ ಎರಡನೆಯ ಬಾರಿ ಬರುವುದಿಲ್ಲ.

ಮತ್ತೆ ನಮ್ಮ ಮಲ್ಲಿಗೆ ತೋಟಕ್ಕೆ ಬರೋಣ. ಮಗ ಹೂ ಕೊಯ್ಯಬಲ್ಲ, ಆದರೆ ಎಣಿಸಲಾರ ಎಂದು ತಾಯಿ ಅವನನ್ನು ಆ ಕೆಲಸದಿಂದ ದೂರವೇ ಇರಿಸಿದ್ದರು. ಒಂದು ಚೆಂಡಿಗೆ 800 ಮೊಗ್ಗು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಲೆಕ್ಕ ತಪ್ಪಿದರೆ ಕಟ್ಟೆಯಲ್ಲಿ ಮಾತು ಕೇಳಬೇಕು. ಅವನಿಗೆ ಹಿಂದೆ ಕಲಿಸಿದ್ದ ಶಿಕ್ಷಕಿಯೊಬ್ಬರು ಮನೆಗೆ ಬಂದಾಗ ಇದನ್ನು ಕೇಳಿ, ಊರಿನ ಬಡಗಿಯಿಂದ ನೂರು ಸಣ್ಣ ಕುಳಿಗಳಿರುವ ಎಂಟು ಹಲಗೆಗಳನ್ನು ಮಾಡಿಸಿ ತಂದರು. ಒಂದು ಕುಳಿಗೆ ಒಂದು ಮೊಗ್ಗು. ಎಂಟು ಹಲಗೆ ತುಂಬಿದರೆ ಒಂದು ಚೆಂಡಿಗೆ ಬೇಕಾದ ಹೂ ಸಿದ್ಧ. ಎಣಿಕೆ ಬರಬೇಕೆಂಬ ಅಗತ್ಯವೇ ಇಲ್ಲವಾಯಿತು. ಮೊದಲ ವಾರಗಳಲ್ಲಿ ಬಹಳ ನಿಧಾನವಾಗುತ್ತಿತ್ತು. ತಾಯಿ ಒಳಗೊಳಗೇ ಚಡಪಡಿಸುತ್ತಿದ್ದರು. ಇಂದು ಅವನು ಹಲಗೆಗಳನ್ನು ತುಂಬಿಸುತ್ತಾನೆ, ತಾಯಿ ಬಾಳೆನಾರಿನಿಂದ ಕಟ್ಟುತ್ತಾರೆ. ಇಪ್ಪತ್ತೆಂಟು ವರ್ಷ ಅವನಿಗೆ ಬಾರದಿದ್ದುದು ಎಣಿಕೆ. ನಮಗೆ ಬಾರದಿದ್ದುದು ಒಂದು ಹಲಗೆಯ ಉಪಾಯ.

ಈ ಉಪಾಯವನ್ನು ಹುಡುಕುವುದು ನಮ್ಮ ಧರ್ಮಸಭೆಗೆ ಹೊಸ ಕರ್ತವ್ಯವೇನಲ್ಲ. ಸಂತ ಎರಡನೆಯ ಜಾನ್ ಪೌಲರು 1981ರಲ್ಲಿ ಮಾನವ ದುಡಿಮೆಯನ್ನು ಕುರಿತು ಹೊರಡಿಸಿದ 'ಲಾಬೊರೆಮ್ ಎಕ್ಸೆರ್ಚೆನ್ಸ್' ಪರಿಪತ್ರದಲ್ಲಿ ವಿಕಲಚೇತನರ ಉದ್ಯೋಗಕ್ಕಾಗಿಯೇ ಒಂದು ವಿಭಾಗವನ್ನು ಮೀಸಲಿಟ್ಟಿದ್ದಾರೆ. ಪೂರ್ಣ ಸಾಮರ್ಥ್ಯವುಳ್ಳವರಿಗೆ ಮಾತ್ರ ದುಡಿಮೆಯಲ್ಲಿ ಸ್ಥಾನ ಕೊಡುವುದು ಬಲಿಷ್ಠರು ದುರ್ಬಲರ ಮೇಲೆ ತೋರುವ ಗಂಭೀರ ತಾರತಮ್ಯವೆಂಬುದು ಅವರ ಬೋಧನೆಯ ಸಾರ. ಶುಭಸಂದೇಶದ ದ್ರಾಕ್ಷಾತೋಟದ ಸಾಮತಿಯನ್ನು ನಾವು ಎಷ್ಟೋ ಬಾರಿ ಕೇಳಿದ್ದೇವೆ. ದಿನದ ಕೊನೆಯ ಗಳಿಗೆಯಲ್ಲಿ ಸಂತೆಕಟ್ಟೆಯಲ್ಲಿ ಸುಮ್ಮನೆ ನಿಂತವರು ಸೋಮಾರಿಗಳಾಗಿರಲಿಲ್ಲ; ಅವರನ್ನು ಯಾರೂ ಕೂಲಿಗೆ ಕರೆದಿರಲಿಲ್ಲ. ತೋಟದ ಯಜಮಾನ ಅವರಿಗೆ ಭಿಕ್ಷೆ ಕೊಟ್ಟು ಕಳುಹಿಸಲಿಲ್ಲವೆಂಬುದನ್ನು ನಾವು ಗಮನಿಸುವುದು ಕಡಿಮೆ. ಅವರನ್ನು ತೋಟದೊಳಕ್ಕೆ ಕರೆದ.

ನಮ್ಮ ಧರ್ಮಪ್ರಾಂತ್ಯಗಳಲ್ಲಿ ಈ ದಿಸೆಯಲ್ಲಿ ಕೆಲಸವೇ ನಡೆದಿಲ್ಲವೆಂದರೆ ಅನ್ಯಾಯವಾದೀತು. ಮಂಗಳೂರಿನ ಸಂತ ಆಗ್ನೆಸ್ ವಿಶೇಷ ಶಾಲೆ 1970ರಿಂದ ದುಡಿಯುತ್ತಾ ಬಂದಿದೆ. ಪಾಂಬೂರಿನ ಮಾನಸ ಪುನರ್ವಸತಿ ಮತ್ತು ತರಬೇತಿ ಕೇಂದ್ರವು ಕಥೋಲಿಕ ಸಭೆಯ ಆಶ್ರಯದಲ್ಲಿ ನಡೆಯುತ್ತಿದೆ. ಕಲಿಸುವ ಹೊಣೆಯನ್ನು ಇಂತಹ ಸಂಸ್ಥೆಗಳು ಹೊತ್ತಿವೆ. ಕಲಿತವರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಹೊಣೆ ಅವುಗಳದ್ದಲ್ಲ, ನಮ್ಮದು. ಶಾಲೆ, ಕಾಲೇಜು, ಆಸ್ಪತ್ರೆ, ವಿದ್ಯಾರ್ಥಿನಿಲಯ, ಧ್ಯಾನಮಂದಿರ, ಮುದ್ರಣಾಲಯ, ಸಹಕಾರಿ ಸಂಘ ಎಂದು ನಮ್ಮ ಸಮುದಾಯದ ಸಂಸ್ಥೆಗಳನ್ನು ಎಣಿಸುತ್ತಾ ಹೋದರೆ ಕೈಬೆರಳು ಸಾಲದು. ಅವುಗಳಲ್ಲಿ ಬೌದ್ಧಿಕ ವಿಕಲತೆಯುಳ್ಳ ಒಬ್ಬನಾದರೂ ಹಾಜರಿ ಪುಸ್ತಕದಲ್ಲಿ ಸಹಿ ಹಾಕುವ, ಇಲ್ಲವೇ ಹೆಬ್ಬೆಟ್ಟು ಒತ್ತುವ ಸಂಸ್ಥೆಗಳು ಎಷ್ಟಿವೆ?

ಎರಡು ಆಕ್ಷೇಪಗಳನ್ನು ನಾವು ಗೌರವದಿಂದಲೇ ಪರಿಗಣಿಸಬೇಕು. ಮೊದಲನೆಯದು ತಂದೆತಾಯಿಗಳದ್ದು. ಹೊರಗೆ ಕಳುಹಿಸಿದರೆ ಗೇಲಿ ಮಾಡಿಯಾರು, ಮೋಸ ಮಾಡಿಯಾರು, ಹೆಣ್ಣುಮಗಳಾದರೆ ಇನ್ನೂ ಕೆಟ್ಟದ್ದು ಸಂಭವಿಸೀತು ಎಂಬ ಭಯ. ಈ ಭಯ ಆಧಾರರಹಿತವಲ್ಲ. ಆದರೆ ಮನೆಯೊಳಗೆ ಮುಚ್ಚಿಡುವುದು ಭದ್ರತೆಯಲ್ಲ. ಅವರನ್ನು ಬಲ್ಲವರು ಊರಿನಲ್ಲಿ ಹೆಚ್ಚಿದಷ್ಟೂ ಭದ್ರತೆ ಹೆಚ್ಚುತ್ತದೆ. ಒಬ್ಬಳೇ ಇರುವ ಕೋಣೆಯಲ್ಲಿ ಕೆಲಸಕ್ಕೆ ಹಚ್ಚದಿರುವುದು, ಹೋಗಿ ಬರುವ ದಾರಿಯಲ್ಲಿ ಜೊತೆಗಾರರನ್ನು ಗೊತ್ತುಮಾಡುವುದು, ಒಳ್ಳೆಯ ಸ್ಪರ್ಶ ಕೆಟ್ಟ ಸ್ಪರ್ಶದ ತಿಳಿವಳಿಕೆ ಕೊಡುವುದು, ತೊಂದರೆಯಾದರೆ ಯಾರಿಗೆ ಹೇಳಬೇಕೆಂದು ಕಲಿಸುವುದು, ಇವು ಉದ್ಯೋಗದಾತನ ಮತ್ತು ಧರ್ಮಕೇಂದ್ರದ ಜಂಟಿ ಕರ್ತವ್ಯ.

ಎರಡನೆಯ ಆಕ್ಷೇಪ ಉದ್ಯೋಗದಾತರದ್ದು. ಇವರು ನಿಧಾನ, ವ್ಯಾಪಾರ ನಡೆಯಬೇಕಲ್ಲ ಎಂಬುದು. ಎಲ್ಲರಿಗೂ ಎಲ್ಲ ಕೆಲಸವೂ ಹೊಂದದು ಎಂಬುದು ಸತ್ಯ. ಅದು ನಮಗೂ ಅನ್ವಯಿಸುವ ಸತ್ಯ. ತೀವ್ರ ವಿಕಲತೆಯುಳ್ಳ ಕೆಲವರಿಗೆ ಕೂಲಿಯ ಕೆಲಸವೇ ಸಾಧ್ಯವಾಗದಿರಬಹುದು. ಅವರ ಘನತೆಗೆ ಅದರಿಂದ ಕಿಂಚಿತ್ತೂ ಕುಂದಿಲ್ಲ. ಆದರೆ ಒಂದೇ ಬಗೆಯ ಕೆಲಸವನ್ನು ದಿನವೂ ಅದೇ ಶ್ರದ್ಧೆಯಿಂದ ಮಾಡುವುದು ಅನೇಕರಿಗೆ ಬೇಸರ, ಇವರಲ್ಲಿ ಹಲವರಿಗೆ ಅದೇ ನೆಮ್ಮದಿ. ಆಸ್ಪತ್ರೆಯ ಬಟ್ಟೆ ಮಡಚುವುದು, ಗ್ರಂಥಾಲಯದ ಪುಸ್ತಕಗಳನ್ನು ಕಪಾಟಿಗೆ ಸೇರಿಸುವುದು, ಬೇಕರಿಯ ಪೊಟ್ಟಣಗಳಿಗೆ ಚೀಟಿ ಅಂಟಿಸುವುದು, ಹಾಳೆ ತಟ್ಟೆಗಳನ್ನು ಒತ್ತಿ ಜೋಡಿಸುವುದು, ತೋಟಕ್ಕೆ ನೀರುಣಿಸುವುದು, ಇವೆಲ್ಲ ಯಾರಾದರೂ ಮಾಡಲೇಬೇಕಾದ ನಿಜವಾದ ಕೆಲಸಗಳು. ಕನಿಕರದಿಂದ ಸೃಷ್ಟಿಸಿದ ಹುಸಿ ಕೆಲಸ ಯಾರಿಗೂ ಬೇಡ; ಹುಸಿಯನ್ನು ಅವರು ನಮಗಿಂತ ಬೇಗ ಗುರುತಿಸುತ್ತಾರೆ.

ಇನ್ನು ನಾವು ಮಾಡಬಹುದಾದದ್ದೇನು? ಮೊದಲಾಗಿ, ಪ್ರತಿ ಧರ್ಮಕೇಂದ್ರದ ಪಾಲನಾ ಪರಿಷತ್ತು ತನ್ನ ವಾಡೆಗಳ ಗುರಿಕಾರರ ಮೂಲಕ, ವಿಕಲತೆಯುಳ್ಳ ವಯಸ್ಕರು ಯಾವ ಮನೆಗಳಲ್ಲಿದ್ದಾರೆ, ಅವರಿಗೆ ಏನು ಬರುತ್ತದೆ, ಏನು ಇಷ್ಟ ಎಂಬುದನ್ನು ವಿಚಾರಿಸಿ ತಿಳಿಯಲಿ. ಏನು ಬರುವುದಿಲ್ಲ ಎಂಬ ಪಟ್ಟಿ ಈಗಾಗಲೇ ಎಲ್ಲರ ಬಳಿಯೂ ಇದೆ. ಎರಡನೆಯದಾಗಿ, ನಮ್ಮ ಪ್ರತಿಯೊಂದು ಸಂಸ್ಥೆಯೂ ಒಂದು ಕೆಲಸವನ್ನು ಆಯ್ದು, ಅದನ್ನು ಹೆಜ್ಜೆಗಳಾಗಿ ಬಿಡಿಸಿ, ಒಬ್ಬರಿಗಾದರೂ ಅವಕಾಶ ಕೊಡಲಿ. ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕೆಂದು 2016ರ ಕಾಯ್ದೆಯೇ ಸಂಸ್ಥೆಗಳಿಗೆ ವಿಧಿಸಿದೆ; ಅದನ್ನು ಪಾಲಿಸುವುದರಲ್ಲಿ ನಾವು ಮೊದಲಿಗರಾಗಬಾರದೇಕೆ? ಮೂರನೆಯದಾಗಿ, ನಾಲ್ಕೈದು ಧರ್ಮಕೇಂದ್ರಗಳು ಸೇರಿ ತರಬೇತಿ ಪಡೆದ ಒಬ್ಬ ಮಾರ್ಗದರ್ಶಕನನ್ನು ಸಂಬಳಕ್ಕೆ ನೇಮಿಸಲಿ. ವಾರ್ಷಿಕ ಹಬ್ಬದ ಸುಡುಮದ್ದು ಮತ್ತು ಅಲಂಕಾರದ ವೆಚ್ಚದಲ್ಲಿ ಒಂದು ಪಾಲನ್ನು ಉಳಿಸಿದರೂ ಇದು ಅಸಾಧ್ಯವಲ್ಲ.

ನಾಲ್ಕನೆಯದು ಕೂಲಿ. ಚಹಾ ತಿಂಡಿ ಕೂಲಿಯಲ್ಲ. ಹಬ್ಬಕ್ಕೊಂದು ಅಂಗಿಯೂ ಕೂಲಿಯಲ್ಲ. ಕೆಲಸಕ್ಕೆ ತಕ್ಕ ಹಣವು ದುಡಿದವನ ಸ್ವಂತ ಬ್ಯಾಂಕ್ ಖಾತೆಗೆ ಸೇರಬೇಕು. ತನ್ನ ಹಣದ ವ್ಯವಹಾರವನ್ನು ನಿರ್ವಹಿಸುವ ಹಕ್ಕನ್ನು 2016ರ ಕಾಯ್ದೆ ವಿಕಲಚೇತನರಿಗೆ ನೀಡಿದೆ. ಪಾಲಕರ ನೆರವು ಅಗತ್ಯವಿರುವಲ್ಲಿ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಯ ಮೂಲಕ ಕಾನೂನುಬದ್ಧ ಪಾಲಕರನ್ನು ನೇಮಿಸುವ ಏರ್ಪಾಡೂ ಇದೆ. ತಂದೆತಾಯಿಗಳು ತಾವು ಗಟ್ಟಿಯಾಗಿರುವಾಗಲೇ ಇದನ್ನೆಲ್ಲ ಮಾಡಿಡುವುದು ಜಾಣತನ.

ಕೊನೆಯದಾಗಿ ಮನೆಯವರಿಗೊಂದು ವಿನಂತಿ. ಕೆಲಸದ ತಯಾರಿ ಹದಿನೆಂಟನೆಯ ವರ್ಷಕ್ಕಲ್ಲ, ಎಂಟನೆಯ ವರ್ಷಕ್ಕೆ ಆರಂಭವಾಗಬೇಕು. ತಟ್ಟೆಯನ್ನು ತಾನೇ ತೊಳೆಯಲಿ, ಅಂಗಿಯ ಗುಂಡಿಯನ್ನು ತಾನೇ ಹಾಕಲಿ, ಹತ್ತಿರದ ಅಂಗಡಿಯಿಂದ ಉಪ್ಪು ತರಲಿ. ಐದು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ ಹಿಡಿದರೂ ಕಾಯೋಣ. ಪ್ರೀತಿಯಿಂದ ನಾವೇ ಮಾಡಿಕೊಟ್ಟ ಪ್ರತಿಯೊಂದು ಕೆಲಸವೂ ಅವರು ಕಲಿಯದೇ ಹೋದ ಒಂದು ಕೆಲಸ.

ಆ ಯುವಕನ ವಿಷಯವನ್ನು ಧರ್ಮಕೇಂದ್ರದ ಪಾಲನಾ ಪರಿಷತ್ತಿನ ಸಭೆಯಲ್ಲಿ ಎತ್ತಿದಾಗ, "ಅವನು ಪ್ರೀತಿಯಿಂದ ಮಾಡುತ್ತಾನಲ್ಲ, ಹಣದ ಲೆಕ್ಕ ಯಾಕೆ?" ಎಂದು ಒಬ್ಬ ಹಿರಿಯರು ಕೇಳಿದರು. ಧರ್ಮಗುರುಗಳು ಶಾಂತವಾಗಿಯೇ ಉತ್ತರಿಸಿದರು: "ನಾವೂ ನಮ್ಮ ಕೆಲಸವನ್ನು ಪ್ರೀತಿಯಿಂದಲೇ ಮಾಡುತ್ತೇವಲ್ಲವೇ? ಆದರೂ ತಿಂಗಳ ಕೊನೆಗೆ ಸಂಬಳ ಎಣಿಸಿಯೇ ತೆಗೆದುಕೊಳ್ಳುತ್ತೇವೆ." ಚರ್ಚೆ ಮುಂದುವರಿಯಲಿಲ್ಲ. ಬೆಳಗಿನ ಎರಡು ಗಂಟೆಯ ಕೆಲಸಕ್ಕೆ ಒಂದು ಮೊತ್ತ ನಿಗದಿಯಾಯಿತು. ಅದು ದೊಡ್ಡ ಮೊತ್ತವೇನಲ್ಲ. ಆದರೆ ಕಳೆದ ಮಳೆಗಾಲದಲ್ಲಿ ಜ್ವರದಿಂದಾಗಿ ಅವನು ಎರಡು ದಿನ ಬಾರದಿದ್ದಾಗ, ಮೂರನೆಯ ದಿನ ಇಗರ್ಜಿಯಿಂದ ಮನೆಗೆ ಫೋನು ಬಂತು: "ಯಾಕೆ ಬರಲಿಲ್ಲ? ಕಾಯುತ್ತಿದ್ದೇವೆ." ಆ ಫೋನನ್ನು ಎತ್ತಿದವರು ತಾಯಿ.

ಈ ಸಲದ ಕ್ರಿಸ್ಮಸ್ಸಿಗೂ ಇಗರ್ಜಿಯ ಬಾಗಿಲ ಬಳಿ ಆ ಮೇಜು ಇರುತ್ತದೆ. ಮೇಣದ ಬತ್ತಿಯನ್ನು ಅಗತ್ಯವಾಗಿ ಕೊಳ್ಳೋಣ. ಕೊಳ್ಳುವಾಗ ಮೇಜಿನ ಹಿಂದೆ ನಿಂತವರ ಹೆಸರು ಕೇಳೋಣ, ವಯಸ್ಸು ಕೇಳೋಣ, ಶಾಲೆ ಮುಗಿದ ಮೇಲೆ ಏನು ಮಾಡಬೇಕೆಂದಿದ್ದೀರಿ ಎಂದೂ ಕೇಳೋಣ. ನಮ್ಮ ಮಕ್ಕಳಿಗೆ ನಾವು ಕೇಳುವ ಪ್ರಶ್ನೆ ಅದೇ ಅಲ್ಲವೇ?